ಆವಾಸ ನಕ್ಷೆಯ ಜತೆ ದಾಖಲೆಯ ಚುಕ್ಕೆಗಳೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಯಾವುದೋ ಪ್ರಾಣಿ ಅಥವಾ ಸಸ್ಯದ ನೆಲೆ ಮುಂದಿನ ದಶಕಗಳಲ್ಲಿ ಕುಗ್ಗಲಿದೆ ಎಂಬ ಸುದ್ದಿಯ ಜತೆ ಬಣ್ಣ ತುಂಬಿದ ನಕ್ಷೆ ಪ್ರಕಟವಾಗುವುದು ಈಗ ಸಾಮಾನ್ಯ. ಕಾಡು ಸುತ್ತಿ, ಎಣಿಸಿ ಬರೆದ ನಕ್ಷೆ ಅದು ಎಂದೇ ಬಹಳಷ್ಟು ಓದುಗರು ತಿಳಿಯುತ್ತಾರೆ. ಅದೊಂದು ಅಂದಾಜು ಎಂಬುದನ್ನು ಸುದ್ದಿಯೇ ಹೇಳಬೇಕು.

ಜೀವಿ ಕಂಡುಬಂದ ಜಾಗಗಳ ಉಷ್ಣಾಂಶ, ಮಳೆ, ಎತ್ತರ ಮುಂತಾದ ವಿವರ ಕೊಟ್ಟರೆ, ಅಂಥದೇ ಪರಿಸ್ಥಿತಿ ಬೇರೆಲ್ಲಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಹೆಚ್ಚು ಬಳಕೆಯಲ್ಲಿರುವ ಮ್ಯಾಕ್ಸೆಂಟ್‌ನಂಥ ವಿಧಾನಕ್ಕೆ 'ಇಲ್ಲಿ ಕಂಡಿದೆ' ಎಂಬ ದಾಖಲೆಗಳಿದ್ದರೆ ಸಾಕು. 'ಹುಡುಕಿದೆವು, ಇರಲಿಲ್ಲ' ಎಂಬ ದಾಖಲೆ ಬೇಕೆಂದಿಲ್ಲ. ಆದರೆ ನಾವು ಹೆಚ್ಚಾಗಿ ನೋಡುವುದು ರಸ್ತೆಯ ಪಕ್ಕ, ಊರಿನ ಆಸುಪಾಸು. ಇದನ್ನು ಸರಿದೂಗಿಸದೆ ಹೋದರೆ ಜೀವಿಯ ನೆಲೆಯ ಬದಲು ಮನುಷ್ಯರ ಓಡಾಟವೇ ನಕ್ಷೆಗೆ ಇಳಿಯುತ್ತದೆ.

ಹವೆ ಒಗ್ಗಿದ ಮಾತ್ರಕ್ಕೆ ಜೀವಿ ಅಲ್ಲಿ ನೆಲೆಸುತ್ತದೆ ಎಂದೂ ಅಲ್ಲ. ಸ್ಕಾಟ್ಲೆಂಡ್‌ನ ಕಡಲ ಬಂಡೆಗಳಿಗೆ ಅಂಟಿ ಬದುಕುವ ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳ ಬಗ್ಗೆ ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ 1961ರಲ್ಲಿ ಅಧ್ಯಯನ ಪ್ರಕಟಿಸಿದರು. ಪುಟ್ಟ ಜಾತಿಯೊಂದು ಬಂಡೆಯ ಮೇಲ್ಭಾಗದಲ್ಲಷ್ಟೇ ಉಳಿಯುತ್ತಿತ್ತು. ಕೆಳಭಾಗದಲ್ಲಿದ್ದ ದೊಡ್ಡ ಜಾತಿಯನ್ನು ಅವರು ಕೆರೆದು ತೆಗೆದಾಗ, ಪುಟ್ಟದು ಅಲ್ಲೂ ಚೆನ್ನಾಗಿಯೇ ಬದುಕಿತು. ಅದನ್ನು ತಡೆದಿದ್ದು ನೀರೂ ಅಲ್ಲ, ಬಿಸಿಲೂ ಅಲ್ಲ. ಮೇಲೆ ಬೆಳೆದು ಮುಚ್ಚಿಬಿಡುವ, ಬುಡದಿಂದ ಎಬ್ಬಿಸುವ ನೆರೆಯ ಜೀವಿ. ಮಳೆ, ಉಷ್ಣಾಂಶದ ಅಂಕಿಗಳಲ್ಲಿ ಈ ನೆರೆಯ ಜೀವಿ ಕಾಣಿಸುವುದೇ ಇಲ್ಲ.

ಹಾಗೆಂದು ಈ ನಕ್ಷೆಗಳನ್ನು ತಳ್ಳಿಹಾಕುವಂತಿಲ್ಲ. ಮಡಗಾಸ್ಕರ್‌ನ ಗೋಸುಂಬೆಗಳಿಗಾಗಿ ಮಾಡಿದ ನಕ್ಷೆಗಳು, ಗೊತ್ತಿದ್ದ ಜಾತಿಗಳು ಇಲ್ಲದ ಕಡೆಯೂ ಇರಬೇಕೆಂದು ತೋರಿಸಿದ್ದವು. ಅಂಥ ಜಾಗಗಳಲ್ಲಿ ಹುಡುಕಿದಾಗ ವಿಜ್ಞಾನಕ್ಕೆ ಹೊಸದಾದ ಏಳು ಜಾತಿಯ ಗೋಸುಂಬೆಗಳು ಸಿಕ್ಕವು! 2003ರಲ್ಲಿ ಇದು ಪ್ರಕಟವಾಯಿತು. ನಕ್ಷೆಯನ್ನೇ ನಂಬಿ ಕೂರದೆ ಜನ ಅಲ್ಲಿಗೆ ಹೋಗಿ ನೋಡಿದ್ದರಿಂದ ಸಿಕ್ಕ ಫಲವಿದು.

ಆದ್ದರಿಂದ ಇಂಥ ನಕ್ಷೆ ಅಚ್ಚು ಮಾಡುವಾಗ, ಜೀವಿ ನಿಜಕ್ಕೂ ಕಂಡ ಜಾಗಗಳನ್ನು ಚುಕ್ಕೆಗಳಲ್ಲಿ ತೋರಿಸಿ. ಕಳ್ಳಬೇಟೆಯ ಭಯವಿರುವ ಜೀವಿಯಾದರೆ ನಿಖರ ಜಾಗ ಬಿಟ್ಟು ಸ್ಥೂಲವಾಗಿ ತೋರಿಸಿದರೂ ಸಾಕು. ಯಾರೂ ಹುಡುಕದ ಪ್ರದೇಶಕ್ಕೆ ಬೇರೆ ಗುರುತು ಇರಲಿ. ಬಣ್ಣವಿಲ್ಲದ ಜಾಗವೆಂಬ ಕಾರಣಕ್ಕೆ ಗಣಿಗೋ ಹೆದ್ದಾರಿಗೋ ಒಪ್ಪಿಗೆ ಕೊಡಲು ಹೊರಟ ಅಧಿಕಾರಿಗಳು, ಅಲ್ಲಿ ಸಮೀಕ್ಷೆ ನಡೆದಿದೆಯೇ ಎಂದು ಮೊದಲು ಕೇಳಬೇಕು. ನಡೆದಿಲ್ಲವಾದರೆ ಎಲ್ಲ ಋತುಗಳಲ್ಲೂ ಸಮೀಕ್ಷೆ ಮಾಡಿಸಿ, ಆಮೇಲೆ ತೀರ್ಮಾನ ಕೈಗೊಳ್ಳಲಿ.

– ನಿಮ್ಮ ಓದುಗ