ಹಳೇ ಗಾಡಿಗೆ ಎಸಿ: ಫ್ಯಾನಿನ ವೈರಿಂಗ್ ಕೇಳುವವರಿಲ್ಲ

ಮಾನ್ಯರೇ,

2025ರ ಅಕ್ಟೋಬರ್ 1ರಿಂದ ತಯಾರಾಗುವ, 3.5 ಟನ್ ಮೀರಿದ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯವಾದ ಮೇಲೆ ಹಳೇ ಗಾಡಿಯವರಿಗೂ ಆಸೆ ಹುಟ್ಟಿದೆ. ನಾನೂ ಹಾಕಿಸಿದೆ. ನನ್ನದು ಎಂಜಿನ್ ಬದಲಾಯಿಸಿದ ಗೂಡ್ಸ್ ಗಾಡಿ (ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿದ್ದೇನೆ, ಆ ತಕರಾರು ಬೇಡ). ಬಂದ ಎಂಜಿನ್ ಗಿಡ್ಡ. ಅದರ ಬೆಲ್ಟ್ ಫ್ಯಾನು ರೇಡಿಯೇಟರಿನಿಂದ ಗೇಣು ದೂರ ಉಳಿಯಿತೆಂದು ಎರಡು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದರು.

ಹೊಸನಗರದ ರಸ್ತೆಯಲ್ಲಿ ನೆಗಡಿಯಾಗುವಷ್ಟು ತಂಪು. ಕುಂದಾಪುರದಿಂದ ಹೆಂಚು ಹೇರಿಕೊಂಡು ಹುಲಿಕಲ್ ಘಾಟಿ ಹತ್ತುವಾಗ ಬಣ್ಣ ಬಯಲಾಯಿತು. ಎರಡನೇ ಗೇರಿನಲ್ಲಿ ತೆವಳುವ ಗಾಡಿಗೆ ಎದುರುಗಾಳಿ ಎಲ್ಲಿಂದ ಬರಬೇಕು? ಮೊದಲು ಎಸಿ ನಿಂತಿತು, ಆಮೇಲೆ ಟೆಂಪರೇಚರ್ ಮುಳ್ಳು ಏರಿತು, ಕೊನೆಗೆ ಡ್ಯಾಶ್‌ಬೋರ್ಡಿನ ಅಡಿಯಿಂದ ಸುಟ್ಟ ವಾಸನೆ. ಘಾಟಿಯ ದೇವಿ ಚಂಡಿಕಾಂಬೆಗೆ ಕೂತಲ್ಲೇ ಕೈಮುಗಿದು, ಬಾನೆಟ್ ಎತ್ತಿ ಒಂದು ಗಂಟೆ ಕಾದೆ.

ಶಿವಮೊಗ್ಗದ ಎಲೆಕ್ಟ್ರಿಷಿಯನ್ ಒಬ್ಬರು ಬಿಚ್ಚಿ ತೋರಿಸಿದರು. ಎಸಿ ಹಾಕಿದವರು ಎರಡೂ ಫ್ಯಾನಿನ ಕರೆಂಟನ್ನು ಟೆಂಪರೇಚರ್ ಸ್ವಿಚ್ಚಿಗೆ ಜೋಡಿಸಿ, ರಿಲೇ (ಸಣ್ಣ ಕರೆಂಟಿನ ಸೂಚನೆಯಿಂದ ದೊಡ್ಡ ಕರೆಂಟ್ ಹರಿಸುವ ಸ್ವಿಚ್ಚು) ಇಲ್ಲದೆ, ಹಾರ್ನಿನ ವೈರಿನಷ್ಟು ತೆಳ್ಳಗಿನ ವೈರಿನಲ್ಲಿ ಡ್ಯಾಶ್‌ಬೋರ್ಡ್ ಸುತ್ತಿಸಿ ತಂದಿದ್ದರು. ನೀರು 95 ಡಿಗ್ರಿ ಮುಟ್ಟುವವರೆಗೆ ಫ್ಯಾನ್ ತಿರುಗದು. ಅಷ್ಟರೊಳಗೆ ರೇಡಿಯೇಟರಿನ ಮುಂದಿರುವ, ಎಸಿಯ ಬಿಸಿ ಹೊರಹಾಕುವ ಕಂಡೆನ್ಸರಿನಲ್ಲಿ ಗ್ಯಾಸಿನ ಒತ್ತಡ ಏರಿ, ಪ್ರೆಷರ್ ಸ್ವಿಚ್ಚು ಕಂಪ್ರೆಸರನ್ನು ನಿಲ್ಲಿಸುತ್ತದೆ. ತಿರುಗಿದ ಮೇಲೂ ತೆಳು ವೈರಿನಲ್ಲಿ ವೋಲ್ಟೇಜ್ ಬಿದ್ದು ಫ್ಯಾನಿಗೆ ಬಲವಿಲ್ಲ.

ಅವರು ಮಾಡಿದ್ದಿಷ್ಟು: ಬ್ಯಾಟರಿಯಿಂದ ದಪ್ಪ ವೈರು, ಅದರ ಬುಡದಲ್ಲೇ ಫ್ಯೂಸು, ಒಂದೊಂದು ಫ್ಯಾನಿಗೆ ಒಂದೊಂದು ರಿಲೇ. ರಿಲೇಗೆ ಸೂಚನೆ ಎರಡು ಕಡೆಯಿಂದ: ನೀರು ಬಿಸಿಯಾದರೂ ಫ್ಯಾನ್ ತಿರುಗಬೇಕು, ಎಸಿ ಹಾಕಿದರೂ ತಿರುಗಬೇಕು. ನಡುವೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ). ಅದಿಲ್ಲದಿದ್ದರೆ ಎಂಜಿನ್ ಬಿಸಿಯಾದಾಗ ಕರೆಂಟ್ ಹಿಂದಕ್ಕೆ ಹರಿದು, ಎಸಿ ಆಫ್ ಇದ್ದರೂ ಕಂಪ್ರೆಸರ್ ಶುರುವಾಗುತ್ತದಂತೆ! ಗಾಡಿಗೆ ಕರೆಂಟ್ ತಯಾರಿಸುವ ಆಲ್ಟರ್ನೇಟರೂ ಬದಲಾಯಿತು. ಹಳೆಯದು 45 ಆಂಪ್ಸಿನದು. ಫ್ಯಾನುಗಳಿಗೇ 25, ಕ್ಯಾಬಿನ್ನಿಗೆ ತಂಪುಗಾಳಿ ಊದುವ ಬ್ಲೋವರಿಗೆ 10, ಹೆಡ್‌ಲೈಟಿಗೆ 10 ಹೋದರೆ ಆಗುಂಬೆ ಮಳೆಯಲ್ಲಿ ವೈಪರಿಗೆ ಏನುಳಿಯಿತು?

ಎಸಿಗೆ ನಲವತ್ತು ಸಾವಿರ ಕೊಟ್ಟಿದ್ದೆ. ರಿಲೇ, ಫ್ಯೂಸು, ವೈರು ಎಲ್ಲ ಸೇರಿ ಎರಡು ಸಾವಿರ ದಾಟಲಿಲ್ಲ. ಎಸಿ ಹಾಕುವವರು ಬಿಲ್ಲಿನ ಜೊತೆ ವೈರಿಂಗಿನ ನಕ್ಷೆಯನ್ನೂ ಕೊಡುವಂತಾಗಲಿ. ಎಫ್‌ಸಿಗೆ (ಫಿಟ್ನೆಸ್ ಸರ್ಟಿಫಿಕೇಟಿಗೆ) ಬಂದ ಗಾಡಿಯಲ್ಲಿ ಆಮೇಲೆ ಹಾಕಿಸಿದ ಎಸಿ ಇದ್ದರೆ, ಬಾನೆಟ್ ಎತ್ತಿಸಿ ಫ್ಯೂಸು ನೋಡುವ ಪದ್ಧತಿಯನ್ನು ಸಾರಿಗೆ ಇಲಾಖೆ ತರಲಿ.

ಇನ್ನೊಂದು: ಪ್ಲಸ್ ಮೈನಸ್ ಅದಲುಬದಲಾದರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಗಾಡಿ ನಿಲ್ಲಿಸಿ, ಎಸಿ ಹಾಕಿ, ಗ್ರಿಲ್ಲಿನ ಮುಂದೆ ನಿಮ್ಮ ಪತ್ರಿಕೆಯದೇ ಒಂದು ಹಾಳೆ ಹಿಡಿದರೆ ಸಾಕು. ಅಂಟಿಕೊಂಡರೆ ಸರಿ, ಹಾರಿ ಬಂದರೆ ವೈರು ತಿರುವಿ ಹಾಕಿಸಿ.

– ಗೂಡ್ಸ್ ಗಾಡಿ ಮಾಲೀಕ, ಹೊಸನಗರ ತಾಲ್ಲೂಕು