ಮಗಳಿಗೊಂದು ಪತ್ರ: ಕಿಟಕಿಯ ಮೇಲಿನ ಲೋಟ

ಪ್ರೀತಿಯ ಪುಟ್ಟಿ,

ಮೂರು ದಿನದಿಂದ ನನ್ನ ಫೋನ್ ತೆಗೆಯುತ್ತಿಲ್ಲ ನೀನು. ಪರವಾಗಿಲ್ಲ. ಅಮ್ಮನ ಜೊತೆ ಮಾತಾಡುತ್ತಿದ್ದೀಯಲ್ಲ, ಸಾಕು.

ಮಗು ಉಳಿಯಲಿಲ್ಲ ಅಪ್ಪಾ ಅಂತ ಅಷ್ಟು ದೂರದಿಂದ ನೀನು ಅಳುತ್ತಿದ್ದೆ. ನನ್ನ ಬಾಯಿಂದ ಬಂದ ಮೊದಲ ಮಾತು, "ನೀರು ಹಾಕಿದ್ರಾ?" ಹೊಟ್ಟೆಯಲ್ಲೇ ಹೋದ ಕೂಸಿಗೆ, ತಲೆಗೆ ನೀರು ಹಾಕಿ ಕ್ರೈಸ್ತರನ್ನಾಗಿಸುವ ದೀಕ್ಷಾಸ್ನಾನ ಯಾರು ಕೊಡ್ತಾರೆ? ವರ್ಷಗಟ್ಟಲೆ ಮಕ್ಕಳಿಗೆ ಧರ್ಮೋಪದೇಶ ಪಾಠ ಹೇಳಿದವನು ಕೇಳೋ ಮಾತಾ ಅದು? ಆ ಪ್ರಶ್ನೆ 1988ರಿಂದ ನನ್ನ ಗಂಟಲಲ್ಲೇ ಇತ್ತು. ಹೋಗಿ ಹೋಗಿ ನಿನ್ನ ಮೇಲೆ ಬಿತ್ತು.

ನಿನಗಿಂತ ಮೊದಲು ಒಂದು ಗಂಡುಮಗು ಹುಟ್ಟಿತ್ತು ಅಂತ ನಿನಗೆ ಗೊತ್ತು. ಲೋಟದ ವಿಷಯ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ, ಅವಳಿಗೆ ಆಗ ಎಚ್ಚರ ಇರಲಿಲ್ಲ. ಮಗು ನೀಲಿಗಟ್ಟಿತ್ತು, ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಅಜ್ಜಿ ಹಿತ್ತಾಳೆ ಲೋಟದಲ್ಲಿ ನೀರು ತಂದು ನನ್ನ ಕೈಗೆ ಕೊಟ್ಟಳು. "ನೀನೇ ಹಾಕಪ್ಪಾ, ಹೊತ್ತಿಲ್ಲ" ಅಂದಳು. ತುರ್ತಿನಲ್ಲಿ ಯಾರು ಬೇಕಾದರೂ ಹಾಕಬಹುದು. ಚರ್ಚಿನ ಗುರುಗಳೇ ಆಗಬೇಕೆಂದಿಲ್ಲ. ಸಭೆ, ಅಂದರೆ ಚರ್ಚು, ಯಾವ ಉದ್ದೇಶದಿಂದ ಕೊಡುತ್ತದೋ ಅದೇ ಮನಸ್ಸಿನಲ್ಲಿದ್ದರೆ ಕ್ರೈಸ್ತರಲ್ಲದವರೂ ಕೊಡಬಹುದು. ತಲೆಯ ಮೇಲೆ ನೀರು ಸುರಿದು ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿದರೆ ಆಯಿತು. ಅದನ್ನು ಪಾಠ ಮಾಡುತ್ತಿದ್ದವನೇ ನಾನು. ಆದರೂ ಲೋಟ ಕಿಟಕಿಯ ಮೇಲಿಟ್ಟು, ಸ್ವಾಮಿಗಳನ್ನು ಕರೆತರ್ತೀನಿ ಅಂತ ಸೈಕಲ್ ಹತ್ತಿದೆ.

ಯಾಕೆ ಗೊತ್ತಾ? ನಾನು ನೀರು ಹಾಕಿದರೆ, ಮಗು ಹೋಗುತ್ತೆ ಅಂತ ನಾನೇ ಒಪ್ಪಿಕೊಂಡ ಹಾಗೆ ಅನಿಸಿತು. ಅಷ್ಟೇ. ವಾಪಸ್ ಬಂದಾಗ ಲೋಟ ಹಾಗೇ ಇತ್ತು. ಒಂದು ಹನಿಯೂ ಕಡಿಮೆ ಆಗಿರಲಿಲ್ಲ.

ಕತ್ತಲಾದ ಮೇಲೆ ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ, ಸ್ಮಶಾನದ ಬೇಲಿ ಹತ್ತಿರ ನಾನೇ ಗುಂಡಿ ತೋಡಿದೆ. ನೀರು ಬೀಳದ ಮಕ್ಕಳಿಗೆ ನಮ್ಮೂರಲ್ಲಿ ಅದೇ ಮೂಲೆ. ಹೋದ ವರ್ಷ ನೀನು ಐರ್ಲೆಂಡಿನ ಗಾಲ್ವೇ ಕಡೆಯ ಒಂದು ಹೊಲದ ಫೋಟೊ ಕಳಿಸಿದ್ದೆ, ನೆನಪಿದೆಯಾ? ಹೆಸರಿಲ್ಲದ ಸಣ್ಣ ಸಣ್ಣ ಕಲ್ಲುಗಳು. ಕಿಲ್ಲೀನ್ ಅಂತಾರೆ, ದೀಕ್ಷಾಸ್ನಾನ ಆಗದ ಕೂಸುಗಳನ್ನು ಅಪ್ಪಂದಿರು ರಾತ್ರಿ ಹೊತ್ತು ತಂದು ಹೂಳ್ತಿದ್ರಂತೆ ಅಂತ ಬರೆದಿದ್ದೆ. ನಾನು ಉತ್ತರ ಕೊಡಲಿಲ್ಲ. ಯಾಕೆ ಅಂತ ಈಗ ತಿಳಿಯಿತಲ್ಲ.

ಇಂಥ ಕೂಸುಗಳು ಹೋಗಿ ಸೇರುವ ಜಾಗಕ್ಕೆ ಲಿಂಬೋ ಅಂತಿದ್ದರು. ಲಿಂಬಸ್ ಅಂದರೆ ಲ್ಯಾಟಿನ್‌ನಲ್ಲಿ ಅಂಚು. ನರಕದ ಅಂಚು. ದೀಕ್ಷಾಸ್ನಾನ ಇಲ್ಲದೆ ಸತ್ತ ಕೂಸುಗಳಿಗೂ ಶಿಕ್ಷೆ ಇದೆ, ಆದರೆ ಎಲ್ಲಕ್ಕಿಂತ ಹಗುರವಾದದ್ದು ಅಂದರು ಸಂತ ಅಗಸ್ಟೀನರು. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಸ್ವಲ್ಪ ಮೆತ್ತಗೆ ಮಾಡಿದರು. ದೇವರ ಮುಖ ಕಾಣಲ್ಲ, ಆದರೆ ನೋವಿಲ್ಲ, ಸುಖವಾಗೇ ಇರ್ತವೆ ಅಂತ. ನನಗೆ ಅದರಿಂದ ಸಂಕಟ ಜಾಸ್ತಿಯೇ ಆಯಿತು. ಸತ್ತವರ ಪಾಪದ ಕಲೆ ತೊಳೆಯುವ ಶುದ್ಧೀಕರಣ ಸ್ಥಳಕ್ಕಾದರೆ ಬಾಗಿಲಿದೆ. ಬೆಂಕಿ ಇದ್ದರೂ ಅಲ್ಲಿರುವವರು ಸ್ವರ್ಗಕ್ಕೆ ಹೋಗುವವರೇ, ನಮ್ಮ ಪೂಜೆ, ಜಪ ಅವರನ್ನು ಮುಟ್ಟುತ್ತೆ. ಸತ್ತವರನ್ನು ನೆನೆಯುವ ದಿನ ಅಂತ ಪ್ರತಿ ನವೆಂಬರ್ 2ಕ್ಕೆ ಅಜ್ಜಿ ತಾತನಿಗೆ ಮೇಣದಬತ್ತಿ ಹಚ್ಚುತ್ತೇವೆ. ಆ ನಮ್ಮ ಮಗನಿಗೆ ಏನಂತ ಹಚ್ಚಲಿ? ಪಾಪವೇ ಮಾಡದ ಕೂಸಿಗೆ ಶುದ್ಧೀಕರಣ ಯಾಕೆ, ಲಿಂಬೋದಲ್ಲಿದ್ದರೆ ಪ್ರಾರ್ಥನೆಯಿಂದ ಏನು ಪ್ರಯೋಜನ? ಹೀಗೆ ತರ್ಕ ಮಾಡಿ ಮಾಡಿ ಒಂದು ಬತ್ತಿಯೂ ಹಚ್ಚಲಿಲ್ಲ ನಾನು.

ನಮ್ಮ ಸಭೆಯ 1992ರ ಧರ್ಮೋಪದೇಶ ಗ್ರಂಥ ಇಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. ಅದರಲ್ಲಿ ಲಿಂಬೋ ಅನ್ನುವ ಪದವೇ ಇಲ್ಲ. 2007ರಲ್ಲಿ ಪೋಪ್ 16ನೇ ಬೆನೆಡಿಕ್ಟರ ಒಪ್ಪಿಗೆಯಿಂದ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗದ ವರದಿ ಬಂತು. ಲಿಂಬೋ ಯಾವತ್ತೂ ಎಲ್ಲರೂ ನಂಬಲೇಬೇಕಾದ ಸಭೆಯ ವಿಶ್ವಾಸಸತ್ಯ ಆಗಿರಲಿಲ್ಲ, ಈ ಮಕ್ಕಳಿಗೆ ರಕ್ಷಣೆ ಸಿಗುತ್ತದೆ ಎಂದು ಆಶಿಸಲು ಬಲವಾದ ಕಾರಣಗಳಿವೆ ಅಂತ. ಆಶಿಸಲು! ಖಚಿತ ಅಂತ ಹೇಳಿಲ್ಲ, ಲಿಂಬೋ ಸುಳ್ಳು ಅಂತಲೂ ಹೇಳಿಲ್ಲ. ನನ್ನಂಥ ಮೇಷ್ಟ್ರ ಕಣ್ಣು ಹೋಗುವುದು ಅಲ್ಲಿಗೇ. ಇನ್ನೊಂದು ಆಮೇಲೆ ತಿಳಿಯಿತು. ಅಪ್ಪ ಅಮ್ಮನಿಗೆ ದೀಕ್ಷಾಸ್ನಾನ ಕೊಡಿಸುವ ಮನಸ್ಸಿದ್ದು, ಅಷ್ಟರಲ್ಲಿ ಮಗು ಹೋದರೆ, ಬಿಷಪ್ಪರ ಅನುಮತಿಯಿಂದ ಅಂತ್ಯಸಂಸ್ಕಾರ ಮಾಡಬಹುದು ಅಂತ 1983ರ ಸಭಾ ಕಾನೂನಿನಲ್ಲೇ ಇತ್ತು. ಐದು ವರ್ಷ ಮೊದಲೇ! ನಾನು ಒಂದು ಮಾತು ಕೇಳಲಿಲ್ಲ.

ನೀನು ಕೇಳಿದೆ. ಗುರುಗಳನ್ನು ಕರೆಸಿದೆ, ಮಗುವಿಗೆ ಹೆಸರಿಟ್ಟೆ, ಹಗಲಲ್ಲಿ ಮಣ್ಣು ಮಾಡಿಸಿದೆ. ನನಗಿಂತ ಧೈರ್ಯ ನಿನಗೆ.

ಸರಿ, ಕೇಳು. ಡ್ಯೂಟಿಗೆ ಬೇಗ ಹೋಗಬೇಡ. ನರ್ಸ್ ಅಂತ ನಿನ್ನ ಮೈಯನ್ನು ನೀನೇ ಕಡೆಗಣಿಸಬೇಡ, ಬಾಣಂತಿ ಬಾಣಂತಿಯೇ. ಬೆಳ್ಳುಳ್ಳಿ, ಮೆಣಸು ಹಾಕಿ ಸಾರು ಮಾಡಿಕೊ. ತಲೆಗೆ ಬಟ್ಟೆ ಕಟ್ಟು. ಆ ದೇಶದ ಚಳಿ ಬೇರೆ. ಗಂಡನ ಮುಂದೆ ಗಟ್ಟಿಯಾಗಿರ್ತೀನಿ ಅಂತ ಸುಮ್ನೆ ನಟಿಸಬೇಡ. ಅವನೂ ಏನನ್ನೋ ನುಂಗಿಕೊಂಡಿರಬಹುದು, ಕೇಳು. ಪೂಜೆ ತಪ್ಪಿಸಬೇಡ ಅಂತ ಬರೆಯಲು ಹೊರಟಿದ್ದೆ. ಬೇಡ ಬಿಡು, ಮನಸ್ಸು ಬಂದಾಗ ಹೋಗು.

ಇವತ್ತು ರಾತ್ರಿ ಅಮ್ಮನಿಗೆ ಲೋಟದ ವಿಷಯ ಹೇಳುತ್ತೇನೆ. ನಾಳೆ ಇಬ್ಬರೂ ಸ್ಮಶಾನಕ್ಕೆ ಹೋಗುತ್ತೇವೆ. ಬೇಲಿ ಕಿತ್ತು ಕಾಂಪೌಂಡ್ ಕಟ್ಟಿದ್ದಾರೆ, ಜಾಗ ಸಿಗುತ್ತದೋ ಇಲ್ಲವೋ. ಹುಣಸೆ ಮರದಿಂದ ಹನ್ನೊಂದು ಹೆಜ್ಜೆ ಅಂತ ನನಗೆ ನೆನಪು.

ಭಾನುವಾರದ ಪೂಜೆಗೆ ಎರಡು ಹೆಸರು ಕೊಡಬೇಕು. ಅವನದನ್ನು ಅಮ್ಮನೂ ನಾನೂ ಕೂತು ಇಡುತ್ತೇವೆ. ನಿನ್ನ ಮಗುವಿನ ಹೆಸರು ನೀನು ಫೋನಿನಲ್ಲಿ ಹೇಳಿದ್ದೆ. ನನ್ನ ಕಿವಿಗೆ ಬೀಳಲಿಲ್ಲ, ನೀರಿನ ಧ್ಯಾನದಲ್ಲಿದ್ದೆ. ಮೆಸೇಜಿನಲ್ಲಾದರೂ ಬರೆದು ಕಳಿಸು.

ನಿನ್ನ ಅಪ್ಪ