‘ಅಓರಿತ’ ಅಂದ್ರೆ ಎಷ್ಟು ಹೊತ್ತು?

ಪ್ರಿಯ ಮಂಜು,

ಇಲ್ಲಿ ಮೆಕ್ಸಿಕೋದ ಗ್ವಾದಲಹಾರ ಊರಿನ ಪ್ರಾಜೆಕ್ಟಿಗೆ ನಿನ್ನ ಹೆಸರು ಬಂತು ಅಂತ ಕೇಳಿ ಭಾಳ ಖುಷಿ ಆಯ್ತು ಕಣೋ. ವೀಸಾ, ಮನೆ ಬಾಡಿಗೆ ಎಲ್ಲ ಫೋನಲ್ಲಿ ಮಾತಾಡೋಣ. ಆ್ಯಪ್ ಹಾಕ್ಕೊಂಡು ಸ್ಪ್ಯಾನಿಶ್ ಕಲೀತಿದ್ದೀನಿ ಅಂದ್ಯಲ್ಲ, ಮೆಕ್ಸಿಕೋದಲ್ಲಿ ಇಳಿದ ದಿನದಿಂದ್ಲೇ ಕಿವಿಗೆ ಬೀಳೋ ಒಂದು ಪದ ಮಾತ್ರ ನಿಂಗೆ ಈಗ್ಲೇ ಹೇಳಿಬಿಡ್ತೀನಿ: ಅಓರಿತ.

ಬರೆಯುವಾಗ ನಡುವೆ ಎಚ್ ಇರುತ್ತೆ, ಬಾಯಲ್ಲಿ ಇರಲ್ಲ. ಕೊನೇದು ತಾಯಿಯ ‘ತ’, ಟೊಮೆಟೋದ ‘ಟ’ ಅಲ್ಲ. ಮೂಲ ಪದ ‘ಅಓರ’, ಅಂದ್ರೆ ಈಗ. ಲ್ಯಾಟಿನ್ನಲ್ಲಿ ‘ಈ ಹೊತ್ತಲ್ಲಿ’ ಅನ್ನೋ ಎರಡು ಪದ ಸವೆದು ಒಂದಾಗಿರೋದು. ನಮ್ಮ ‘ಈ ಹೊತ್ತು’ ಸವೆದು ‘ಇವತ್ತು’ ಆಗಿಲ್ವಾ, ಹಾಗೇ. ಅದಕ್ಕೆ ‘ಇತ’ ಸೇರಿಸಿದ್ರೆ ‘ಪುಟ್ಟ ಈಗ’. ಇಲ್ಲಿನವರಿಗೆ ಈ ಪುಟ್ಟ ಮಾಡೋ ಚಟ ಜಾಸ್ತಿ. ಕಾಫಿಯನ್ನೂ ‘ಕಫೆಸೀತೊ’ ಅಂತ ಮುದ್ದು ಮಾಡ್ತಾರೆ.

ಪುಟ್ಟ ಈಗ ಅಂದ್ರೆ ತಕ್ಷಣ ಅಂತ ನಂಬ್ಕೊಂಡು ಕೂತ್ಕೋಬೇಡ. ಟ್ಯಾಕೋ ಗಾಡಿಯವನು ‘ಅಓರಿತ’ ಅಂದ್ರೆ ಮಾತು ಮುಗಿಯೋದ್ರೊಳಗೆ ತಟ್ಟೆ ಕೈಗೆ ಬಂದಿರುತ್ತೆ. ನಲ್ಲಿ ರಿಪೇರಿಯವನು ‘ಅಓರಿತ ವೋಯ್’, ಈಗ ಬಂದೆ, ಅಂದ್ರೆ ಮಧ್ಯಾಹ್ನವೂ ಆಗಬಹುದು, ನಾಳೆಯೂ ಆಗಬಹುದು. ಹೆಬ್ಬೆರಳು ತೋರುಬೆರಳ ನಡುವೆ ಒಂದಿಷ್ಟೇ ಸಂದು ಬಿಟ್ಟು ತೋರಿಸ್ತಾರೆ, ನೀನು ಅದನ್ನ ಅಳತೆ ಅಂತ ತಗೋಬೇಡ, ಅದು ಬರೀ ಮರ್ಯಾದೆ. ಆಫೀಸಲ್ಲಿ ‘ಅಓರಿತ ಲೊ ಚೆಕೊ’, ಈಗ ನೋಡ್ತೀನಿ, ಅಂದ್ರೆ ನಕ್ಕೊಂಡೇ ‘ಅ ಕೆ ಓರ?’, ಎಷ್ಟು ಗಂಟೆಗೆ, ಅಂತ ಕೇಳಿಬಿಡು. ಯಾರೂ ಬೇಜಾರು ಮಾಡ್ಕೊಳ್ಳಲ್ಲ. ನಿಜವಾಗ್ಲೂ ಅವಸರ ಇರೋನು ಇನ್ನೊಂದು ‘ತಿ’ ಸೇರಿಸಿ ‘ಅಓರಿತಿತ’ ಅಂತಾನೆ. ಆಗ ನಂಬಬಹುದು.

ನಂಗೆ ತುಂಬ ಇಷ್ಟ ಆಗೋದು ಇದರ ‘ಬೇಡ’ ಅನ್ನೋ ಅರ್ಥ. ಊರ ಪಕ್ಕದ ತೊನಲಾದಲ್ಲಿ ಗುರುವಾರ, ಭಾನುವಾರ ಬೀದಿ ತುಂಬ ಸಂತೆ. ಮಣ್ಣಿನ ಹೂಜಿ, ಗಾಜಿನ ಲೋಟ ಹಿಡ್ಕೊಂಡು ಒಬ್ಬರಾದ ಮೇಲೆ ಒಬ್ಬರು ಬರ್ತಾನೇ ಇರ್ತಾರೆ. ಬರೀ ‘ನೊ’ ಅಂದ್ರೆ ಒರಟು. ‘ಅಓರಿತ ನೊ, ಗ್ರಾಸಿಯಸ್’ ಅಂತಾರೆ, ಈಗ ಬೇಡ, ಥ್ಯಾಂಕ್ಸ್. ಇವನು ಆಮೇಲೂ ತಗೊಳ್ಳಲ್ಲ ಅಂತ ಇಬ್ಬರಿಗೂ ಗೊತ್ತು. ನಾವು ‘ಮುಂದೆ ಹೋಗಪ್ಪ’ ಅಂತ ಕಳಿಸ್ತೀವಲ್ಲ, ಅದಕ್ಕಿಂತ ಇದೇ ವಾಸಿ.

ಇದೆಲ್ಲ ಮೆಕ್ಸಿಕೋ ಲೆಕ್ಕ. ಪೋರ್ಟೊರಿಕೋದವರ ಬಾಯಲ್ಲಿ ಅಓರಿತ ಅಂದ್ರೆ ‘ಆಮೇಲೆ’. ಸ್ಪೇನಿನವರು ತಕ್ಷಣ ಅನ್ನೋದಕ್ಕೆ ‘ಅಓರ ಮಿಸ್ಮೊ’ ಅಂತಾರೆ. ಒಂದೇ ಮೀಟಿಂಗಲ್ಲಿ ಮೂವರೂ ಇದ್ರೆ ಗಡಿಯಾರದ ಟೈಮನ್ನೇ ಬರೆಸ್ಕೊ.

ಬರುವಾಗ ಅಮ್ಮನ ಕೈಲಿ ಸಾರಿನಪುಡಿ ಮಾಡಿಸ್ಕೊಂಡು ಬಾ. ಹುಣಸೆಹಣ್ಣು ಹೊತ್ಕೊಂಡು ಬರಬೇಡ ಮಾರಾಯ, ‘ತಮರಿಂದೊ’ ಅಂತ ಕೇಳು, ಇಲ್ಲಿ ಮಾರ್ಕೆಟ್ಟಲ್ಲಿ ಬೇಕಾದಷ್ಟು ಸಿಗುತ್ತೆ.

ನಿನ್ನ ಗೆಳೆಯ